ಎರಡು ತುಂಡಾದ ಪಂಜರ

ಜುಲೈ ತಿಂಗಳ ಸೋಮವಾರಪೇಟೆ ಅಂದರೆ ಗೊತ್ತಲ್ಲ, ಮಳೆ ನಿಂತರೇ ಸುದ್ದಿ. ಊರಿಗೆ ಬಂದಾಗಲೂ ನನ್ನ ಕೆಲಸ ನಡೆಯುತ್ತಿರುತ್ತದೆ. ಲೆಕ್ಕ ಹಾಕುವ ಯಂತ್ರಗಳು ಇರುವುದು ಬೆಂಗಳೂರಿನಲ್ಲಿ, ನನ್ನ ಲ್ಯಾಪ್‌ಟಾಪ್ ನೋಡುವುದಕ್ಕಷ್ಟೇ. ಆದರೆ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ.

ಹೋದ ವರ್ಷ ಹೀಗೇ ಒಂದು ಬೆಳಿಗ್ಗೆ ಕೊಡೆ ಹಿಡಿದು ಅಲ್ಲಿ ನಿಂತು, ಒಂಬತ್ತು ದಿನದಿಂದ ಓಡಿದ ರನ್ನಿನ, ಅಂದರೆ ಕಂಪ್ಯೂಟರ್ ಲೆಕ್ಕದ, ಫೈಲ್ ಇಳಿಸಿಕೊಂಡೆ. ತೆರೆದರೆ ನನ್ನ ಪಂಜರ ಎರಡು ತುಂಡು! ಅರ್ಧ ಪರದೆಯ ಬಲಗಡೆ, ಇನ್ನರ್ಧ ಎಡಗಡೆ.

ಇದು ಕೋಳಿ ಪಂಜರ ಅಲ್ಲ, ಡಿಎನ್‌ಎ ಎಳೆಗಳದ್ದು. ಡಿಎನ್‌ಎ ಅಂದ ಕೂಡಲೇ ನಿಮಗೆ ಅಪ್ಪ-ಅಮ್ಮನ ಗುಣ, ಪೊಲೀಸ್ ಕೇಸು ನೆನಪಾಗಬಹುದು. ನಮಗೆ ಅದು ಸುಮ್ನೆ ಒಂದು ದಾರ. ಅದರ ಉದ್ದಕ್ಕೂ ಎ, ಟಿ, ಜಿ, ಸಿ ಅನ್ನುವ ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳು. ಎ ಎದುರು ಟಿ, ಜಿ ಎದುರು ಸಿ ಕೂರುತ್ತದೆ. ಯಾವ ಎಳೆ ಎಲ್ಲಿ ಅಂಟಬೇಕು ಅನ್ನುವುದನ್ನು ಈ ಅಕ್ಷರಗಳಲ್ಲೇ ಬರೆದಿಡಬಹುದು. ಅಮೆರಿಕದ ನೇಡ್ರಿಯನ್ ಸೀಮನ್ ಅವರ ಲ್ಯಾಬ್ 1991ರಲ್ಲಿ ಹೀಗೆ ಒಂದು ಘನಾಕೃತಿ ಕಟ್ಟಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಇಪ್ಪತ್ತು ಮುಖದ ಪಂಜರ ಮಾಡಿ, ಒಳಗೆ ಚಿನ್ನದ ಕಣ ಕೂರಿಸಿತು. ಮುಂದೆ ಔಷಧ ಸಾಗಿಸಬಹುದು ಅನ್ನುವ ಆಸೆ ಇರುವುದು ಇಂಥ ಪಂಜರಗಳ ಮೇಲೆ.

ನಾನು ಹೆಣೆಯುವವನಲ್ಲ. ಹೆಣೆದದ್ದು ನೀರಿನಲ್ಲಿ ಹೇಗಿರುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು. ನಮ್ಮ ಮಾವನಿಗೆ ಇದು ಕೆಲಸ ಅಂತಲೇ ಅನಿಸುವುದಿಲ್ಲ. ಅವರು ಮಳೆಗಾಲದಲ್ಲಿ ಬಿದಿರು ಸೀಳಿ ಮೀನು ಹಿಡಿಯುವ ಕೂಳಿ ಹೆಣೆಯುತ್ತಾರೆ. "ಚಿತ್ರ ಬರೆದಾಯ್ತಲ್ಲ, ಇನ್ನೇನು ನೋಡ್ತಾ ಕೂತಿದ್ದೀಯ?" ಅಂದರು. "ಮಾವ, ನೀವು ಕೂಳಿ ಗಟ್ಟಿ ಇದೆಯಾ ಅಂತ ಅಂಗಳದಲ್ಲಿ ಇಟ್ಟು ನೋಡ್ತೀರಾ, ತೋಡಲ್ಲಿ ಇಟ್ಟು ನೋಡ್ತೀರಾ?" ಅಂತ ಕೇಳಿದೆ. ನಕ್ಕರು.

ನನ್ನದೂ ತೋಡಿನ ಲೆಕ್ಕವೇ. ಅವತ್ತಿನದು ಚಿಕ್ಕ ಪಂಜರ: ನಾಲ್ಕು ಮೂಲೆ, ಆರು ಅಂಚು, ಅಂಚಿಗೆ 20 ಜೋಡಿ ಅಕ್ಷರ. ಒಂದು ಅಂಚಿನ ಉದ್ದ 7 ನ್ಯಾನೋಮೀಟರಿಗೂ ಸ್ವಲ್ಪ ಕಮ್ಮಿ (ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ಡಿಎನ್‌ಎಯ ಪರಮಾಣುಗಳು ಹೆಚ್ಚುಕಮ್ಮಿ 8 ಸಾವಿರ. ಸುತ್ತ ನೀರು ತುಂಬಿದ ಮೇಲೆ ಒಟ್ಟು ಒಂದೂವರೆ ಲಕ್ಷ ದಾಟಿತು. ಕಂಪ್ಯೂಟರ್ ಬಹುಪಾಲು ದುಡಿಯುವುದು ನೀರಿಗಾಗಿ! ಆದರೆ ನೀರು, ಉಪ್ಪು ಬಿಟ್ಟರೆ ಪಂಜರವೇ ಇಲ್ಲ. ಡಿಎನ್‌ಎ ಎಳೆಯುದ್ದಕ್ಕೂ ಋಣ ವಿದ್ಯುತ್ತು ಇರುತ್ತದೆ, ಅಂಚುಗಳು ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ಉಪ್ಪಿನಲ್ಲಿರುವ, ಧನ ವಿದ್ಯುತ್ತಿನ ಮೆಗ್ನೀಷಿಯಂ ಬಂದು ಕೂತರೆ ಜಗಳ ತಣ್ಣಗಾಗುತ್ತದೆ. ಅದು ಸಾಲದಿದ್ದರೆ ಮೊದಲು ಸಡಿಲವಾಗುವುದು ಮೂಲೆ. ಅದಕ್ಕೇ ಮೂಲೆಯಲ್ಲಿ ಜೋಡಿಯಿಲ್ಲದ ಒಂದೆರಡು ಟಿ ಬಿಡುತ್ತೇವೆ, ಬಾಗುವುದಕ್ಕೆ ಜಾಗ ಇರಲಿ ಅಂತ.

ಮತ್ತೆ ಆ ಎರಡು ತುಂಡಿನ ಕಥೆಗೆ ಬರುತ್ತೇನೆ. ಸಮುದ್ರದಷ್ಟು ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಒಂದು ಪುಟ್ಟ ಪೆಟ್ಟಿಗೆ ಮಾಡಿ, ಎಲ್ಲ ದಿಕ್ಕಿನಲ್ಲೂ ಅದೇ ಪೆಟ್ಟಿಗೆ ಸಾಲಾಗಿ ಇದೆ ಅಂದುಕೊಳ್ಳುತ್ತೇವೆ. ಬಲಗೋಡೆ ದಾಟಿ ಹೋದ ಪರಮಾಣು ಎಡಗೋಡೆಯಿಂದ ಒಳಗೆ ಬರುತ್ತದೆ. ನನ್ನ ಪಂಜರ ಗೋಡೆಯ ಮೇಲೆ ಕೂತಿತ್ತು, ಅಷ್ಟೇ. ಒಂದು ಕಮಾಂಡ್ ಕೊಟ್ಟು ನಡುವಿಗೆ ತಂದೆ. ಪಂಜರ ಇಡಿಯಾಗೇ ಇತ್ತು. ಹೊಸಬರೆಲ್ಲ ಒಮ್ಮೆ ಇದಕ್ಕೆ ಹೆದರಿಯೇ ಹೆದರುತ್ತಾರೆ. ನಾನು ಹೊಸಬನಲ್ಲ, ಆದರೂ ಹೆದರಿದೆ.

ಹೆದರಬೇಕಾದದ್ದು ಬೇರೆಯದಕ್ಕೆ ಅಂತ ಮಧ್ಯಾಹ್ನ ಗೊತ್ತಾಯಿತು. ಲೆಕ್ಕ ಉಳಿಸಲು ಪೆಟ್ಟಿಗೆಯನ್ನು ಪಂಜರಕ್ಕೆ ಬಿಗಿಯಾಗಿ ಹೊಂದಿಸಿದ್ದೆ. ಪಂಜರ ನೀರಿನಲ್ಲಿ ಉರುಳಿ ತಿರುಗಿದಾಗ ಒಂದು ಮೂಲೆ ಪಕ್ಕದ ಪೆಟ್ಟಿಗೆಯ ತನ್ನದೇ ಪ್ರತಿಯ ತೀರಾ ಹತ್ತಿರ ಹೋಗಿತ್ತು. ತನ್ನನ್ನು ತಾನೇ ತಳ್ಳಿಕೊಂಡು ಅಂಚು ಬಾಗಿತ್ತು. ಚಿತ್ರ ಮಾತ್ರ ಬಲು ಅಂದ. ಮೂಲೆಯಿಂದ ಮೂಲೆಗೆ ದೂರ ಅಳೆದು ಗ್ರಾಫ್ ಹಾಕಿರದಿದ್ದರೆ ನಂಬಿಬಿಡುತ್ತಿದ್ದೆ. ಒಂಬತ್ತು ದಿನದ ಲೆಕ್ಕ ಎಸೆದೆ. ಬಣ್ಣದ ವಿಡಿಯೊ ತೋರಿಸಿ "ಪಂಜರ ಸ್ಥಿರ" ಅನ್ನುವವರನ್ನು ಕಂಡರೆ ನನಗೆ ಅಂದಿನಿಂದ ಸ್ವಲ್ಪ ಅನುಮಾನ ಜಾಸ್ತಿ. ಪೆಟ್ಟಿಗೆ ಎಷ್ಟು ದೊಡ್ಡದಿತ್ತು, ಉಪ್ಪು ಎಷ್ಟು ಹಾಕಿದಿರಿ ಅಂತ ಮೊದಲು ಕೇಳುತ್ತೇನೆ.

ಸಂಜೆ ಕರೆಂಟ್ ಹೋಯಿತು. ಮಾವ ಚಿಮಿಣಿ ಬೆಳಕಿನಲ್ಲಿ ಕೂಳಿಯ ಬಾಯಿ ಬಿಗಿಯುತ್ತಾ, "ಅಲ್ಲ ಮಾರಾಯ, ಔಷಧ ಒಳಗೆ ಹಾಕ್ತೀರಿ ಸರಿ. ಹೊರಗೆ ಬರೋದು ಹೇಗೆ?" ಅಂದರು. ಸರಿಯಾದ ಪ್ರಶ್ನೆ ಅಲ್ವಾ? 2009ರಲ್ಲೇ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಮುಚ್ಚಳವಿರುವ ಡಿಎನ್‌ಎ ಡಬ್ಬಿ ಮಾಡಿದ್ದರು. ಅದರ ಕೀಲಿಯೂ ಡಿಎನ್‌ಎ ಎಳೆಯೇ: ಸರಿಯಾದ ಎಳೆ ಬಂದರೆ ಬೀಗ ಬಿಚ್ಚುತ್ತದೆ. ಆದರೆ ಮುಚ್ಚಳ ತೆರೆಯುವುದನ್ನು ನನ್ನ ವಿಧಾನದಲ್ಲಿ ನೋಡುವುದು ಕಷ್ಟ. ಲೆಕ್ಕದಲ್ಲಿ ನಮ್ಮ ಒಂದು ಹೆಜ್ಜೆ 2 ಫೆಮ್ಟೊಸೆಕೆಂಡ್; ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಒಂದು ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು, ತಲುಪಲು 50 ಕೋಟಿ ಹೆಜ್ಜೆ. ಅಷ್ಟರಲ್ಲಿ ಬೀಗ ಅಲುಗಾಡಿದರೆ ಹೆಚ್ಚು. ಅದಕ್ಕೆ ಆಕ್ಸ್‌ಡಿಎನ್‌ಎ ಥರದ ಒರಟು ಮಾದರಿ ಬೇಕು. ಅದರಲ್ಲಿ ಒಂದು ಅಕ್ಷರವೆಂದರೆ ಒಂದು ಗಟ್ಟಿ ತುಣುಕು, ನೀರಿನ ಅಣುಗಳೇ ಇಲ್ಲ. ಲೆಕ್ಕ ಬೇಗ ಓಡುತ್ತದೆ, ಮೆಗ್ನೀಷಿಯಂ ಎಲ್ಲಿ ಕೂತಿತು ಅನ್ನುವುದು ಮಾತ್ರ ಕಾಣುವುದಿಲ್ಲ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಾವ ಕೂಳಿ ಹೆಗಲಿಗೇರಿಸಿ ತೋಡಿನ ಕಡೆ ಹೊರಟಿದ್ದರು. ನಾನು ಕೊಡೆ ತೆಗೆದುಕೊಂಡು ಕಣಕ್ಕೆ ಹೋದೆ, ದೊಡ್ಡ ಪೆಟ್ಟಿಗೆಯ ರನ್ ಹಚ್ಚಲು.