ಕರೆಯ ದಾರಿ ನಿರ್ಧರಿಸುವವರು ಯಾರು?

ಮಡಿಕೇರಿಯ ಹೋಂಸ್ಟೇ ಒಂದರಿಂದ ಹೊರಡುವ ಕರೆ ಸ್ಥಿರ ದೂರವಾಣಿ ಲೈನಿಗೆ ಹೋಗಬೇಕೋ, ಇಂಟರ್ನೆಟ್ ಟ್ರಂಕಿಗೋ (ಇಂಟರ್ನೆಟ್ ಮೂಲಕ ಕರೆ ಸಾಗಿಸುವ ಸಂಪರ್ಕಕ್ಕೋ)? ಈ ತೀರ್ಮಾನ ಮೊದಲೆಲ್ಲ ಒಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆ ಮಾರಿದವರ ಕೈಯಲ್ಲಿತ್ತು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರುಮಾಡಿದ ಆಸ್ಟರಿಸ್ಕ್ ಎಂಬ ತಂತ್ರಾಂಶ ಆ ತೀರ್ಮಾನವನ್ನು, ಯಾವ ಸಂಖ್ಯೆ ಒತ್ತಿದರೆ ಏನಾಗಬೇಕೆಂದು ಬರೆದಿಡುವ, ಯಾರು ಬೇಕಾದರೂ ತಿದ್ದಬಹುದಾದ ಡಯಲ್‌ಪ್ಲಾನ್ ಕಡತಕ್ಕೆ ತಂದಿತು.

ಆ ಕಡತದಲ್ಲಿ, ಒತ್ತಿದ ಸಂಖ್ಯೆಗೆ ಹೋಲಿಸುವ ಮಾದರಿಗಳನ್ನು ಬರೆದ ಕ್ರಮಕ್ಕೆ ಬೆಲೆಯಿಲ್ಲ. ಹೆಚ್ಚು ನಿಖರವಾದ ಮಾದರಿಯೇ ಗೆಲ್ಲುತ್ತದೆ. ಕೊಡಗಿನಲ್ಲಿ ಎಡವುವುದು ಇಲ್ಲೇ. ಮಡಿಕೇರಿಯ ಎಸ್‌ಟಿಡಿ ಕೋಡ್ 08272. ಅದರ ಮುಂದೆ ಆರು ಅಂಕಿ, ಒಟ್ಟು 11. ಸೊನ್ನೆ ಸೇರಿಸಿ ಒತ್ತಿದ ಮೊಬೈಲ್ ಸಂಖ್ಯೆಯೂ 11 ಅಂಕಿಯೇ. '08272, ಮುಂದೆ ಯಾವುದಾದರೂ ಆರು ಅಂಕಿ' ಎಂದು ಬರೆದರೆ 8272ರಿಂದ ಶುರುವಾಗುವ ಮೊಬೈಲ್ ಸಂಖ್ಯೆಯೂ ಸ್ಥಳೀಯ ಲೈನಿಗೆ ನುಗ್ಗುತ್ತದೆ. ಸ್ಥಳೀಯ ಸಂಖ್ಯೆಯ ಮೊದಲ ಅಂಕಿ 2 ಎಂಬುದನ್ನೂ ಮಾದರಿಯಲ್ಲಿ ಸೇರಿಸಿದರೆ ಸರಿಹೋಗುತ್ತದೆ.

ಕಡತ ಸಾಲದಾದಾಗ ಎಜಿಐ ಎಂಬ ಕೊಂಡಿಯ ಮೂಲಕ ಹೊರಗಿನ ಪ್ರೋಗ್ರಾಂ ಒಂದನ್ನು ಕೇಳಿ ತೀರ್ಮಾನಿಸುವ ರೂಢಿ ಬಂತು. ಪ್ರತಿ ಕರೆಗೂ ಹೊಸ ಪ್ರಕ್ರಿಯೆ ಹುಟ್ಟುವುದು ಭಾರವಾಯಿತು, ಹಾಗಾಗಿ ಒಂದೇ ಪ್ರೋಗ್ರಾಂ ಸದಾ 4573ನೇ ಪೋರ್ಟಿನಲ್ಲಿ (ಜಾಲ ಸಂಪರ್ಕದ ಬಾಗಿಲಿನಲ್ಲಿ) ಕಾಯುವ ಫಾಸ್ಟ್‌ಎಜಿಐ. 2006ರಲ್ಲಿ ಆಂಥನಿ ಮಿನೆಸಾಲೆ ಬಿಡುಗಡೆ ಮಾಡಿದ ಫ್ರೀಸ್ವಿಚ್ ಎಂಬ ಇಂಥದೇ ಇನ್ನೊಂದು ತಂತ್ರಾಂಶ ಬೇರೆ ಹಾದಿ ಹಿಡಿಯಿತು: ಮೊದಲು ಎಲ್ಲ ಷರತ್ತುಗಳನ್ನೂ ನೋಡಿ ಮುಗಿಸಿ, ಆಮೇಲೆ ಕ್ರಿಯೆ. ಮೇಲಿನ ಸಾಲಿನಲ್ಲಿ ಇಟ್ಟ ವೇರಿಯೆಬಲ್ (ಹೆಸರು ಕೊಟ್ಟ ಮೌಲ್ಯ) ಕೆಳಗಿನ ಷರತ್ತಿಗೆ ಕಾಣದೆ ಹೊಸಬರು ಗಂಟೆಗಟ್ಟಲೆ ಒದ್ದಾಡುತ್ತಾರೆ. 'ಇನ್‌ಲೈನ್' ಎಂದು ಆ ಕ್ರಿಯೆಯನ್ನು ಗುರುತಿಸಿದರೆ ಕಾಣುತ್ತದೆ.

ಮಳೆಗಾಲದಲ್ಲಿ ಲಿಂಕ್ ಬಿದ್ದಾಗಿನ ಪಾಡೇ ನಿಜವಾದ ಪರೀಕ್ಷೆ. ಉತ್ತರವಿಲ್ಲದ ಟ್ರಂಕಿಗೆ, ಇಂಟರ್ನೆಟ್ ಕರೆ ಜೋಡಿಸುವ ನಿಯಮಾವಳಿಯಾದ ಎಸ್‌ಐಪಿ ಅರ್ಧ ಸೆಕೆಂಡಿನಿಂದ ಅಂತರ ದುಪ್ಪಟ್ಟಾಗಿಸುತ್ತ ಕೇಳುತ್ತಲೇ ಇದ್ದು, 32 ಸೆಕೆಂಡಿಗೆ ಕೈಬಿಡುತ್ತದೆ. ಅಷ್ಟು ಹೊತ್ತು ಮೌನ ಕೇಳಿ ಯಾರೂ ಕೂರುವುದಿಲ್ಲ. ಡಯಲ್ ಸಮಯವನ್ನು 8 ಸೆಕೆಂಡಿಗೆ ಇಳಿಸುವುದು ತಪ್ಪು ಮದ್ದು, ರಿಂಗ್ ಆಗುತ್ತಿರುವ ಒಳ್ಳೆಯ ಕರೆಯೂ ಕಡಿದುಹೋಗುತ್ತದೆ. ಆಸ್ಟರಿಸ್ಕಿನ ಎಸ್‌ಐಪಿ ಭಾಗವಾದ ಪಿಜೆಸಿಪ್‌ನಲ್ಲಿ ಕ್ವಾಲಿಫೈ (ಟ್ರಂಕನ್ನು ಆಗಾಗ ತಟ್ಟಿ ನೋಡುವ) ಅವಧಿ ನಾವು ಬದಲಿಸದಿದ್ದರೆ ಸೊನ್ನೆ, ಅಂದರೆ ಟ್ರಂಕ್ ಬದುಕಿದೆಯೇ ಎಂದು ನೋಡುವುದೇ ಇಲ್ಲ. ಅದನ್ನು 30 ಸೆಕೆಂಡ್ ಮಾಡಿ. ಲಿಂಕ್ ಸತ್ತದ್ದು ಒಮ್ಮೆ ಗೊತ್ತಾದರೆ ಡಯಲ್ ತಕ್ಷಣ ಸೋಲುತ್ತದೆ, ಎರಡನೇ ದಾರಿಗೆ ಹೊರಳಬಹುದು. ಹೊರಳಬೇಕಾದ್ದು ಚಾನೆಲ್ (ಕರೆ ಸಾಗುವ ಹಾದಿ) ಸಿಗದಿದ್ದಾಗ, ದಟ್ಟಣೆ ಇದ್ದಾಗ ಮಾತ್ರ. ಎಂಗೇಜ್ ಇದ್ದವರಿಗೆ ಇನ್ನೊಂದು ಟ್ರಂಕಿನಿಂದ ಮಾಡಿದರೂ ಎಂಗೇಜೇ.

ರೂಟಿಂಗ್ (ಕರೆಯ ದಾರಿಗಳ) ಪಟ್ಟಿ ಬೆಂಗಳೂರಿನ ಸರ್ವರಿನಲ್ಲಿದ್ದರೆ ಅದರ ಒಂದು ನಕಲು ಹೋಂಸ್ಟೇಯ ಯಂತ್ರದಲ್ಲೂ ಇರಲೇಬೇಕು. 112ಕ್ಕೆ ಹೋಗುವ ಕರೆಯನ್ನಂತೂ ಯಾವ ಸ್ಕ್ರಿಪ್ಟಿಗೂ ಕೇಳದೆ, ಡಯಲ್‌ಪ್ಲಾನಿನಲ್ಲೇ ನೇರವಾಗಿ ಸ್ಥಳೀಯ ಲೈನಿಗೆ ಕಟ್ಟಿಡಿ.