ಅಯೋಡಿನ್ ಹೊಕ್ಕ ಪಾಲಿಮರ್: ಬಿಸಿಗೆ ಸೋಲುವುದೋ, ಗೆಲ್ಲುವುದೋ?

ಗಂಜಿಗೆ ಅಯೋಡಿನ್ ಹನಿ ಬಿದ್ದರೆ ಕಡುನೀಲಿ. ಶಾಲೆಯ ಪಾಠ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಕಾಯಿಸಿದರೆ ನೀಲಿ ಮಾಯವಾಗುತ್ತದೆ, ಆರಿದರೆ ಮರಳುತ್ತದೆ. ನಿಜವಾದ ಸ್ವಾರಸ್ಯ ಇರುವುದು ಇಲ್ಲಿ.

ಫ್ರಾನ್ಸಿನ ಬರ್ನಾರ್ ಕೂರ್ತ್ವಾ 1811ರಲ್ಲಿ ಕಡಲಕಳೆಯ ಬೂದಿಯಿಂದ ಅಯೋಡಿನ್ ಪಡೆದ. ಗಂಜಿಯಲ್ಲಿರುವ ಪಿಷ್ಟದ (ಸ್ಟಾರ್ಚ್) ನೀಲಿ 1814ರಲ್ಲೇ ವರದಿಯಾಯಿತು. ಕಾರಣ ತಿಳಿಯಲು ಮಾತ್ರ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಪಿಷ್ಟದಲ್ಲಿರುವ ಅಮೈಲೋಸ್ ಒಂದು ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು. ಅದು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ಸುತ್ತಿಗೆ ಆರು ಗ್ಲೂಕೋಸ್ ಘಟಕಗಳಂತೆ. ಅದರ ಟೊಳ್ಳಿನಲ್ಲಿ ಅಯೋಡಿನ್ ಸಾಲುಗಟ್ಟುತ್ತದೆ ಎಂಬುದನ್ನು 1940ರ ದಶಕದ ಎಕ್ಸ್‌-ರೇ ಅಧ್ಯಯನಗಳು ದೃಢಪಡಿಸಿದವು. ಬಿಸಿ ಏರಿದಂತೆ ಆ ಸಾಲು ಚದುರುತ್ತದೆ.

ಕೃತಕ ಪಾಲಿಮರ್‌ಗಳಲ್ಲೂ ಇದೇ ತಾಪತ್ರಯ. ಅಮೆರಿಕದ ಎಡ್ವಿನ್ ಲ್ಯಾಂಡ್ 1938ರಲ್ಲಿ ಪಾಲಿವಿನೈಲ್ ಆಲ್ಕೋಹಾಲ್ ಹಾಳೆಯನ್ನು ಎಳೆದು, ಅಯೋಡಿನ್ ಊಡಿಸಿ ಬೆಳಕಿನ ಧ್ರುವಕವನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ರೂಪಿಸಿದ. ಇಂದಿನ ಎಲ್‌ಸಿಡಿ ಪರದೆಗಳೂ ಅದೇ ಜಾಡಿನಲ್ಲಿವೆ. ಶಾಖ ಮತ್ತು ತೇವ ಸೇರಿದರೆ ಅಯೋಡಿನ್ ಸಾಲು ಕೆಡುತ್ತದೆ. ಹಾಗಾಗಿ ಬೋರಿಕ್ ಆಮ್ಲದಿಂದ ಸರಪಳಿಗಳನ್ನು ಬೆಸೆದು, ಮೇಲೆ ರಕ್ಷಣಾ ಪದರ ಹೊದಿಸುತ್ತಾರೆ.

ನೈಲಾನ್‌-6ರ ವರ್ತನೆ ಇನ್ನೂ ವಿಚಿತ್ರ. ಒಳಹೊಕ್ಕ ಅಯೋಡಿನ್, ಸರಪಳಿಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ. ಬಳಿಕ ಅದನ್ನು ಸೋಡಿಯಂ ಥಯೋಸಲ್ಫೇಟ್‌ನಿಂದ ಪೂರ್ತಿ ತೊಳೆದರೂ ಹರಳಿನ ರಚನೆ ಆಲ್ಫಾ ರೂಪದಿಂದ ಗಾಮಾ ರೂಪಕ್ಕೆ ಬದಲಾಗಿಯೇ ಇರುತ್ತದೆ. ಅತಿಥಿ ಹೋದರೂ ಮನೆಯ ಜೋಡಣೆ ಮೊದಲಿನಂತಾಗದು.

ಹತ್ತಿ ಮತ್ತು ರೇಷ್ಮೆಯನ್ನು ಇಂಗಾಲದ ಎಳೆಯಾಗಿಸುವ (ಕಾರ್ಬನ್ ಫೈಬರ್) ಪ್ರಯೋಗಗಳಲ್ಲಿ ಕಥೆ ತಿರುಗಿತು. ಹತ್ತಿಯ ಮುಖ್ಯ ಘಟಕವಾದ ಸೆಲ್ಯುಲೋಸಿನ ತೂಕದಲ್ಲಿ ಇಂಗಾಲ ಸುಮಾರು ಶೇ 44. ಬರಿದೇ ಸುಟ್ಟರೆ ಅದರಲ್ಲಿ ಹೆಚ್ಚಿನ ಪಾಲು ಆವಿಯಾಗಿ, ಟಾರ್ ಆಗಿ ಕೈತಪ್ಪುತ್ತದೆ. ಮೊದಲೇ ಅಯೋಡಿನ್ ಆವಿಗೆ ಒಡ್ಡಿದರೆ ಅದು ಹೈಡ್ರೋಜನ್ ಕಸಿದು ಹೈಡ್ರೋಜನ್ ಅಯೊಡೈಡ್ ಆಗುತ್ತದೆ, ನೀರನ್ನು ಹೊರದೂಡುತ್ತದೆ, ಸರಪಳಿಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ನಂತರ ಜಡ ಅನಿಲದಲ್ಲಿ ಕಾಯಿಸಿದಾಗ ಎಳೆಯ ಆಕಾರ ಉಳಿಯುತ್ತದೆ, ಇಂಗಾಲವೂ ಹೆಚ್ಚು ಸಿಗುತ್ತದೆ.

ಗೊಂದಲ ಹುಟ್ಟುವುದೂ ಇಲ್ಲೇ. ಕಾಯಿಸುತ್ತಾ ತೂಕ ಅಳೆದರೆ, ಅಯೋಡಿನ್ ಊಡಿಸಿದ ನಾರು ಕಡಿಮೆ ಉಷ್ಣಾಂಶದಲ್ಲೇ ತೂಕ ಕಳೆದುಕೊಳ್ಳತೊಡಗುವಂತೆ ಕಾಣುತ್ತದೆ, ಆದರೆ ಕೊನೆಯಲ್ಲಿ ಹೆಚ್ಚು ಉಳಿಯುತ್ತದೆ. ಆರಂಭವನ್ನಷ್ಟೇ ನೋಡಿದವರು ‘ಉಷ್ಣಸ್ಥಿರತೆ ಕುಗ್ಗಿತು’ ಎನ್ನುತ್ತಾರೆ, ಶೇಷ ನೋಡಿದವರು ‘ಹೆಚ್ಚಿತು’ ಎನ್ನುತ್ತಾರೆ. ಯಾವ ಅಳತೆ ಎಂದು ಹೇಳದೆ ತೀರ್ಪು ಕೊಡುವ ವರದಿಗಳನ್ನು ನಾನಂತೂ ನಂಬುವುದಿಲ್ಲ.

ಕಾರ್ಖಾನೆಗಳು ಇದಕ್ಕೆ ಮುಗಿಬಿದ್ದಿಲ್ಲ. ಹೈಡ್ರೋಜನ್ ಅಯೊಡೈಡ್ ಲೋಹವನ್ನು ತಿನ್ನುತ್ತದೆ, ಅಯೋಡಿನ್ ಅಗ್ಗವಲ್ಲ. ಇಂಗಾಲದ ಎಳೆಯ ಬಹುಪಾಲು ಇಂದಿಗೂ ಪಾಲಿಅಕ್ರಿಲೋನೈಟ್ರೈಲ್ ಎಂಬ ಕೃತಕ ಪಾಲಿಮರ್‌ನಿಂದ, 200ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಹದಗೊಂಡೇ ಬರುತ್ತದೆ.