ಸೀಟಿನ ಲೆಕ್ಕದಲ್ಲಿ ಕಳೆದುಹೋದ ಮೇಷ್ಟ್ರು

ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರುವಾಗ ಹಲವು ಕಡೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿ ಇಟ್ಟುಕೊಳ್ಳುತ್ತಾರೆ. ಕೆಲಸ ಬಿಡುತ್ತೇನೆ ಎಂದ ದಿನ ಅದು ಸುಲಭವಾಗಿ ಕೈಗೆ ಬರುವುದಿಲ್ಲ. ಸೆಮಿಸ್ಟರ್ ಮುಗಿಸಿ ಹೋಗಿ, ಇಲ್ಲವೇ ಇಷ್ಟು ತಿಂಗಳ ಸಂಬಳ ಕಟ್ಟಿ ಎನ್ನುತ್ತಾರೆ. ಇದನ್ನು ಯಾರೋ ಒಬ್ಬ ಪ್ರಿನ್ಸಿಪಾಲರ ಹಠ ಅಂದುಕೊಂಡರೆ ಸಾಲದು. ಇದರ ಬೇರು ಹಳೆಯದು.

ದೇಶದ ಮೊದಲ ಖಾಸಗಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು ನಮ್ಮಲ್ಲೇ. 1946ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಕಟ್ಟಿದ ಬಿಎಂಎಸ್ ಕಾಲೇಜು ಅದು. ಅದೇ ವರ್ಷ ಮೈಸೂರಿನಲ್ಲಿ ಎನ್‌ಐಇ ಬಂತು. ಮುಂದೆ ಕಾಲೇಜುಗಳು ಹೆಚ್ಚಿದವು, ಜೊತೆಗೆ ಡೊನೇಷನ್ನೂ ಹೆಚ್ಚಿತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆಮೇಲೆ ಸುಪ್ರೀಂ ಕೋರ್ಟಿನಲ್ಲಿ 1992ರಲ್ಲಿ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣ, 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು. ಹತ್ತು ವರ್ಷ ಎಲ್ಲರೂ ವಾದಿಸಿದ್ದು ಮುಖ್ಯವಾಗಿ ಒಂದೇ ವಿಷಯ: ಸೀಟು ಯಾರಿಗೆ, ಫೀಸು ಎಷ್ಟು. ಪಾಠ ಮಾಡುವವರ ಸಂಬಳ, ಭದ್ರತೆ ಈ ಗದ್ದಲದಲ್ಲಿ ಹಿಂದೆ ಬಿದ್ದವು. ಅಲ್ಲೇ ಎಡವಿದ್ದು ಅಂತ ನನ್ನ ನಂಬಿಕೆ.

ನಿಯಮ ಇಲ್ಲ ಅಂತಲ್ಲ. 1987ರ ಕಾಯ್ದೆಯಿಂದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಗೆ ಶಾಸನದ ಬಲ ಬಂತು. 2019ರ ಅದರ ನಿಯಮದ ಪ್ರಕಾರ ಹೊಸ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಮೂಲ ವೇತನವೇ 57,700 ರೂಪಾಯಿ. ಸಣ್ಣ ಊರಿನ ಎಷ್ಟೋ ಕಾಲೇಜುಗಳಲ್ಲಿ ಕೈಗೆ ಸಿಗುವುದು ಅದರ ಅರ್ಧವೂ ಅಲ್ಲ. ಕೆಲವು ಕಡೆ ಪೂರ್ತಿ ಸಂಬಳ ಬ್ಯಾಂಕಿಗೆ ಹಾಕಿ, ಒಂದು ಭಾಗವನ್ನು ನಗದಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ತಪಾಸಣೆಗೆ ಬಂದವರಿಗೆ ಬ್ಯಾಂಕಿನ ದಾಖಲೆ ಸರಿಯಾಗೇ ಕಾಣುತ್ತದೆ. ಇದು ಸಣ್ಣ ತಪ್ಪಲ್ಲ, ದುಡಿದವರ ದುಡ್ಡು ಕಿತ್ತುಕೊಳ್ಳುವುದು.

ಎಲ್ಲವೂ ತಪಾಸಣೆಯ ಸುತ್ತಲೇ ತಿರುಗುತ್ತಿರುವುದರಿಂದ ಕಾಗದದ ಮೇಲಷ್ಟೇ ಇರುವ ಮೇಷ್ಟ್ರು ಹುಟ್ಟಿಕೊಂಡರು. 2024ರ ಜುಲೈನಲ್ಲಿ ತಮಿಳುನಾಡಿನ ಅರಪ್ಪೋರ್ ಇಯಕ್ಕಂ ಸಂಘಟನೆ ಇದನ್ನು ಬಯಲಿಗೆ ತಂದಿತು. ಅಣ್ಣಾ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಒಬ್ಬರನ್ನೇ ಏಕಕಾಲಕ್ಕೆ ಹಲವು ಕಡೆ ಪೂರ್ಣಾವಧಿ ಅಧ್ಯಾಪಕರೆಂದು ತೋರಿಸಲಾಗಿತ್ತು. 2025ರ ಫೆಬ್ರವರಿಯಲ್ಲಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ಸಿಬಿಐ ಒಂದು ತಪಾಸಣಾ ತಂಡದ ಸದಸ್ಯರನ್ನೇ ಬಂಧಿಸಿತು. ಆ ನ್ಯಾಕ್ ಕಚೇರಿ ಇರುವುದು ಬೆಂಗಳೂರಿನ ನಾಗರಭಾವಿಯಲ್ಲಿ. ನ್ಯಾಕ್‌ಗೂ, ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎಗೂ ಬೇಕಾದ ಫೈಲುಗಳಿಗಾಗಿ ರಾತ್ರಿ ಹತ್ತರವರೆಗೆ ಕೂತು ಬರೆಯುವವರು ಲೆಕ್ಚರರ್‌ಗಳು. ನಡೆಯದ ಕಾರ್ಯಕ್ರಮದ ವರದಿಗೆ ಸಹಿ ಹಾಕಿ ಎಂದಾಗ ಬೇಡ ಅನ್ನುವವರ ಹೆಸರು ಮುಂದಿನ ಇನ್‌ಕ್ರಿಮೆಂಟ್ ಪಟ್ಟಿಯಲ್ಲಿ ಇರುವುದಿಲ್ಲ. ವಿಭಾಗದೊಳಗಿನ ಗುಂಪುಗಾರಿಕೆ ಹುಟ್ಟುವುದೂ ಇಲ್ಲಿಂದಲೇ. ಯಾರು ಸಹಿ ಹಾಕುತ್ತಾರೆ, ಯಾರು ಹಾಕುವುದಿಲ್ಲ ಎಂಬುದರ ಮೇಲೆ ಎಚ್‌ಒಡಿಗೆ ಬೇಕಾದವರು, ಬೇಡವಾದವರು ಬೇರೆಯಾಗುತ್ತಾರೆ.

2018ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಎಐಸಿಟಿಇ ನಿಯಮದಲ್ಲಿ 15 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂದಿದ್ದದ್ದು 20ಕ್ಕೆ ಒಬ್ಬ ಎಂದಾಯಿತು. ವರ್ಷಕ್ಕೆ 60 ಸೀಟಿನ ವಿಭಾಗದಲ್ಲಿ ನಾಲ್ಕು ವರ್ಷಕ್ಕೆ 240 ಮಕ್ಕಳು. ಮೊದಲು 16 ಮೇಷ್ಟ್ರು ಬೇಕಿತ್ತು, ಈಗ 12 ಸಾಕು. ಉಳಿದ ನಾಲ್ವರು ಎಲ್ಲಿಗೆ ಹೋಗಬೇಕು? ಸಿವಿಲ್, ಮೆಕ್ಯಾನಿಕಲ್ ಸೀಟು ತುಂಬದ ಕಡೆ ಅಧ್ಯಾಪಕರಿಗೆ ಅಡ್ಮಿಷನ್ ಟಾರ್ಗೆಟ್ ಕೊಟ್ಟು, ಪಿಯು ಕಾಲೇಜುಗಳ ಬಾಗಿಲಿಗೆ ಕಳಿಸುವುದೂ ಇದೆ.

ಅನ್ಯಾಯವಾದರೆ ಹೋಗಲು ದಾರಿ ಕಿರಿದು. ಅಧ್ಯಾಪಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿತ್ತು. ಹಾಗಾಗಿ ಕಾರ್ಮಿಕ ನ್ಯಾಯಾಲಯದ ಬಾಗಿಲು ಮುಚ್ಚಿತು. ಕರ್ನಾಟಕದಲ್ಲಿ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆ ಇದೆ. ಕೆಲಸದಿಂದ ತೆಗೆದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದರೂ ಹೋಗುವವರು ಕಡಿಮೆ. ಮುಂದಿನ ಕಾಲೇಜಿನವರು ಹಳೆಯ ಕಾಲೇಜಿಗೆ ಫೋನ್ ಮಾಡಿ ಕೇಳುತ್ತಾರೆ ಎಂಬ ಭಯ ಎಲ್ಲರಿಗೂ ಇದೆ, ಅಲ್ವಾ?

ಒಂದು ಗೆಲುವು ಮಾತ್ರ ಗಟ್ಟಿಯಾಗಿ ಉಳಿದಿದೆ. ಶಿಕ್ಷಕರಿಗೆ ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಇಡಿಗಂಟು, ಸಿಗದು ಎಂದು 2004ರಲ್ಲಿ ತೀರ್ಪು ಬಂದಿತ್ತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಐದು ವರ್ಷ ಸೇವೆ ಮುಗಿಸಿ ಹೊರಟವರು ರಾಜೀನಾಮೆ ಕೊಟ್ಟಿದ್ದರೂ ಇದನ್ನು ಕೇಳಬಹುದು. ಆಫೀಸಿನಲ್ಲಿ ಇಲ್ಲ ಎಂದರೆ ಗ್ರಾಚುಯಿಟಿ ತಕರಾರು ಕೇಳುವ ಸರ್ಕಾರಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.